ವೆನೀರ್ ಸೊಟ್ಟ ಆಗಿದೆ ಅಂತ ವಿನಯ್ ಕೇಳಿದ್ದಕ್ಕೆ

ವಿನಯ್, ಫೋಟೋ ಎರಡೂ ನೋಡ್ದೆ, ಇದನ್ನ ಎರಡು ಲೈನಲ್ಲಿ ಹೇಳಕ್ಕಾಗಲ್ಲ, ಮಾತಾಡ್ಕೊಂಡೇ ಹೋಗ್ತೀನಿ, ಬೇರೆಯವ್ರು ಬೋರ್ ಆದ್ರೆ ಸ್ಕಿಪ್ ಮಾಡ್ಕೊಳ್ಳಿ. ನೀನು ಕೇಳಿರೋದು ಏನು, ಪೆಟ್ಟಿಗೆ ಮುಚ್ಚಳಕ್ಕೆ ತಂದಿರೋ ವಾಲ್‌ನಟ್ ಬರ್ಲ್ ವೆನೀರ್, ಅಂದ್ರೆ ಮೇಲೆ ಅಂಟಿಸೋ ತೆಳ್ಳನೆ ಮರದ ಹಾಳೆ, ಅಲೆ ಅಲೆಯಾಗಿ ಎದ್ದು ಕೂತಿದೆ, ಗಮ್ ಹಚ್ಚಿ ಕ್ಲಾಂಪ್ ಬಿಗಿದ್ರೆ ತಾನಾಗೇ ಸರಿಹೋಗುತ್ತಾ ಅಂತ, ಆಮೇಲೆ ಆ ಹಳೇ ಟೇಬಲ್ ಮೇಲಿನ ಗುಳ್ಳೆ, ತಗ್ಗು, ಕಲೆಗೆ ಏನ್ ಮಾಡೋದು ಅಂತ. ಸುರೇಶಣ್ಣ ಇಸ್ತ್ರಿ ಹಾಕ್ಬಿಡು ಅಂದ್ರು. ಸುರೇಶಣ್ಣ ಬೇಜಾರ್ ಮಾಡ್ಕೋಬೇಡಿ, ಇಸ್ತ್ರಿ ಟೇಬಲ್‌ಗೆ ಬೇಕಾಗುತ್ತೆ, ಆ ಹಾಳೆಗೆ ಮಾತ್ರ ಬೇಡ. ಬಿಸಿ ಇರೋ ತನಕ ಬಗ್ಗಿದ ಹಾಗೆ ಕಾಣುತ್ತೆ, ಆರಿದ ಮೇಲೆ ಮತ್ತೆ ಮೊದಲಿನ ಥರಾನೇ, ಇಲ್ಲಾಂದ್ರೆ ಒಣಗಿ ಒಣಗಿ ಸೀಳೇ ಬಿಡುತ್ತೆ.

ಮೊದಲು ಅದು ಯಾಕೆ ಹಂಗಾಗುತ್ತೆ ಅಂತ ಗೊತ್ತಾದ್ರೆ ಮಿಕ್ಕಿದ್ದೆಲ್ಲ ಸುಲಭ. ಹಸಿ ಮರ ಪೂರ್ತಿ ಒಣಗೋವಾಗ ಎಳೆಗೆ ಅಡ್ಡಕ್ಕೆ ಚೆನ್ನಾಗೇ ಕುಗ್ಗುತ್ತೆ, ಕೆಲವು ಮರ ನೂರಕ್ಕೆ 8-10ರಷ್ಟು, ಆದ್ರೆ ಎಳೆಯ ಉದ್ದಕ್ಕೆ ನೂರಕ್ಕೆ 0.1, 0.2 ಅಷ್ಟೇ, ಅಂದ್ರೆ ಇಲ್ಲವೇ ಇಲ್ಲ ಅನ್ನು. ನೇರ ಎಳೆಯ ಹಾಳೆ ಆದ್ರೆ ಒಂದೇ ಕಡೆಗೆ ಕುಗ್ಗಿ ಸುಮ್ನಿರುತ್ತೆ. ಬರ್ಲ್ ಅಂದ್ರೆ ಮರದ ಮೈಮೇಲೆ ಊದ್ಕೊಂಡಿರೋ ಗಂಟು, ಅದ್ರಲ್ಲಿ ಎಳೆ ಒಂದೊಂದು ಬೆರಳಗಲಕ್ಕೆ ಒಂದೊಂದು ದಿಕ್ಕಿಗೆ ತಿರುಗಿರುತ್ತೆ, ಈ ಜಾಗ ಹಿಂಗೆಳೆಯುತ್ತೆ ಪಕ್ಕದ್ದು ಹಂಗೆಳೆಯುತ್ತೆ, ಹಾಳೆ ದಪ್ಪ ಬರೀ 0.6 ಮಿಲಿಮೀಟರ್ ಆಸುಪಾಸು, ತಡ್ಕೊಳ್ಳೋ ಶಕ್ತಿ ಎಲ್ಲಿಂದ ಬರ್ಬೇಕು, ಎದ್ದು ನಿಲ್ಲುತ್ತೆ. ಈಗ ನೀನು ಹಾಗೇ ಗಮ್ ಹಚ್ಚಿ ಬಿಗಿದೆ ಅಂತಿಟ್ಕೋ, ಉಬ್ಬಿರೋ ಕಡೆ ಜಾಸ್ತಿ ಇರೋ ಮರ ಎಲ್ಲಿಗೂ ಹೋಗಲ್ಲ, ಚಟ್ ಅಂತ ಸೀಳಿ ಒಂದರ ಮೇಲೊಂದು ಹತ್ತುತ್ತೆ. ಆಗ್ಲೇ ಸೀಳದಿದ್ರೂ ಮುಂದೆ ಹವಾ ಒಣಗಿದಾಗ ಪಾಲಿಶ್ ಮೇಲೆ ಕೂದಲೆಳೆ ಬಿರುಕು ಕಾಣ್ಸುತ್ತೆ. ಅದಕ್ಕೇ ಹೇಳೋದು, ಚಪ್ಪಟೆ ಮಾಡೋ ಕೆಲಸ ಗಮ್ ಡಬ್ಬಿ ಮುಚ್ಚಳ ತೆಗೆಯೋಕ್ ಮುಂಚೇನೇ ಮುಗಿದಿರ್ಬೇಕು.

ಅದಕ್ಕೆ ಒಂದು ನೀರು ಕಲಸ್ಕೋಬೇಕು. ತುಂಬ ಜನ ಬಳಸೋ ಅಳತೆ ಅಂದ್ರೆ ನೀರು 3 ಪಾಲು, ಮರಕ್ಕೆ ಹಾಕೋ ಬಿಳಿ ಗಮ್ 2 ಪಾಲು, ಗ್ಲಿಸರಿನ್ 1, ಸ್ಪಿರಿಟ್ 1. ನೀರು ನಾರನ್ನ ಮೆತ್ತಗೆ ಮಾಡುತ್ತೆ, ಗ್ಲಿಸರಿನ್ ಆರಿ ಹೋಗಲ್ಲ, ಒಳಗೇ ಉಳ್ಕೊಂಡು ಹಾಳೆ ಬಗ್ಗೋ ಹಂಗೆ ಇಟ್ಟಿರುತ್ತೆ, ಸ್ಪಿರಿಟ್‌ನಿಂದ ಬೇಗ ಒಳಗಿಳಿಯುತ್ತೆ ಬೇಗ ಒಣಗುತ್ತೆ, ಗಮ್ ಒಣಗಿದ ಮೇಲೆ ಆ ಪುಡಿಪುಡಿ ನಾರನ್ನ ಹಿಡ್ಕೊಂಡಿರುತ್ತೆ. ಗ್ಲಿಸರಿನ್ ಒಳ್ಳೇದು ಅಂತ ಕೈ ಬಿಚ್ಚಿ ಸುರೀಬೇಡ ಮಾರಾಯ, ಜಾಸ್ತಿ ಆದ್ರೆ ಹಾಳೆ ಒಣಗೋದೇ ಇಲ್ಲ, ಆಮೇಲೆ ಗಮ್ಮೂ ಪಾಲಿಶ್ಶೂ ಎರಡೂ ತಕರಾರು ಮಾಡ್ತವೆ. ಸ್ಪ್ರೇ ಬಾಟಲ್‌ಗೆ ಹಾಕಿ ಎರಡೂ ಕಡೆ ಚೆನ್ನಾಗಿ ಹೊಡಿ, ಒಂದೈದು ಹತ್ತು ನಿಮಿಷ ನಿಲ್ಲಿಸಿ ನೀರು ಇಳಿಯೋಕೆ ಬಿಡು, ಆಗ ಕೈಯಲ್ಲಿ ಹಿಡಿದ್ರೆ ಗೊತ್ತಾಗುತ್ತೆ, ಕಟಕಟ ಅಂತಿದ್ದಿದ್ದು ತೊಗಲಿನ ಥರ ಜೋತು ಬೀಳುತ್ತೆ. ಜೋತು ಬೀಳ್ಲಿಲ್ಲ ಅಂದ್ರೆ ಇನ್ನೊಂದು ಸಲ ಹೊಡಿ, ಅವಸರ ಬೇಡ.

ಆಮೇಲೆ ಜೋಡಿಸೋದು. ಕೆಳಗೊಂದು ದಪ್ಪ ಪ್ಲೈವುಡ್, ಅದರ ಮೇಲೆ ನೀರು ಹೀರೋ ಕಾಗದ ಮೂರ್ನಾಲ್ಕು, ಅದರ ಮೇಲೆ ಕಿಟಕಿಗೆ ಹಾಕೋ ನೈಲಾನ್ ಮೆಶ್, ಆಮೇಲೆ ವೆನೀರ್, ಮತ್ತೆ ಮೆಶ್, ಕಾಗದ, ಮೇಲೆ ಇನ್ನೊಂದು ಪ್ಲೈವುಡ್. ಮೆಶ್ ಯಾಕೆ ಅಂದ್ರೆ ಆ ನೀರಲ್ಲಿ ಗಮ್ ಇದ್ಯಲ್ಲ, ಕಾಗದ ನೇರವಾಗಿ ಇಟ್ರೆ ಅಂಟ್ಕೊಂಡ್ಬಿಡುತ್ತೆ. ಕಾಗದ ಅಚ್ಚಾಗಿರೋ ನ್ಯೂಸ್ ಪೇಪರ್ ಬೇಡ, ಖಾಲಿದೇ ಇರಲಿ, ಇಲ್ಲಾಂದ್ರೆ ಮಸಿ ಮರಕ್ಕೆ ಹತ್ತುತ್ತೆ. ಕ್ಲಾಂಪ್ ಒಂದೇ ಸಲ ಬಿಗೀಬೇಡ, ಸ್ವಲ್ಪ ತಿರುಗ್ಸು, ಹತ್ತು ನಿಮಿಷ ಬಿಡು, ಮತ್ತೆ ಸ್ವಲ್ಪ, ತುಂಬ ಸೊಟ್ಟ ಇದ್ರೆ ಮೊದಲ ದಿನ ಅರ್ಧ ಬಗ್ಗಿಸಿ ಬಿಟ್ಟು ಮಾರನೇ ದಿನ ಮತ್ತೆ ನೀರು ಹೊಡೆದು ಮಿಕ್ಕಿದ್ದು ಬಗ್ಗಿಸು. ಕಬ್ಬಿಣದ ತೂಕ ಏನಾದ್ರೂ ಇಡ್ತೀಯಾದ್ರೆ ಒದ್ದೆ ವಾಲ್‌ನಟ್‌ಗೆ ತಾಗಿಸ್ಬೇಡ, ಓಕ್ ಆದ್ರೂ ಅಷ್ಟೇ, ಅವುಗಳಲ್ಲಿ ಟ್ಯಾನಿನ್ ಅನ್ನೋ ಒಗರು ಪದಾರ್ಥ ಇರುತ್ತೆ, ಕಬ್ಬಿಣ ನೀರು ಟ್ಯಾನಿನ್ ಮೂರೂ ಸೇರಿದ್ರೆ ಮಸಿ ಥರ ಕಪ್ಪು ಕಲೆ ಕೂತ್ಬಿಡುತ್ತೆ.

ಜನ ಕೈ ಬಿಡೋದು ಎಲ್ಲಿ ಅಂದ್ರೆ ಕಾಗದ ಬದಲಾಯಿಸೋದ್ರಲ್ಲಿ. ಮೊದಲ ಸಲ ಒಂದೆರಡು ಗಂಟೆಗೇ ತೆಗೀಬೇಕು, ಆ ದಿನ ಇನ್ನೊಂದೆರಡು ಸಲ, ಆಮೇಲೆ ಬೆಳಿಗ್ಗೆ ಸಂಜೆ. ತೆಗೆದ ಕಾಗದಾನ ಕೆನ್ನೆಗೆ ಒತ್ತಿ ನೋಡು, ತಣ್ಣಗಿದೆ ಅಂದ್ರೆ ಇನ್ನೂ ಪಸೆ ಇದೆ. ಬೆರಳಿಗೆ ಒಣಗಿದ ಹಂಗೇ ಅನ್ಸುತ್ತೆ, ಕೆನ್ನೆಗೆ ಗೊತ್ತಾಗುತ್ತೆ. ಸುಮಾರಾಗಿ ಮೂರ್ನಾಲ್ಕು ದಿನ ಬೇಕು, ಮಳೆ ಇದ್ರೆ ಜಾಸ್ತಿ. ಬಿಸಿಲಿಗೆ ಇಟ್ಟು ಬೇಗ ಒಣಗಿಸೋಣ ಅನ್ನೋ ಆಸೆ ಬಂದೇ ಬರುತ್ತೆ, ಬೇಡ, ಅಂಚು ಮೊದಲು ಒಣಗಿ ಮತ್ತೆ ಅಲೆ ಶುರುವಾಗುತ್ತೆ. ಒಣಗಿದ ಮೇಲೂ ಹೊರಗೆ ಬಿಡ್ಬೇಡ, ಎರಡು ಹಲಗೆ ಮಧ್ಯ ತೂಕ ಹೇರಿ ಇಟ್ಟಿರು, ಅಂಟಿಸೋ ದಿನಾನೇ ತೆಗಿ.

ಅಂಟಿಸೋಕ್ ಮುಂಚೆ ಹಾಳೇನ ಬೆಳಕಿಗೆ ಹಿಡಿದು ನೋಡು, ಸೂಜಿ ತೂತು ಸಣ್ಣ ಬಿರುಕು ಎಲ್ಲ ಕಾಣುತ್ತೆ. ಬಿರುಕಿಗೆ ಮುಖದ ಕಡೆಯಿಂದ ವೆನೀರ್ ಟೇಪ್ ಹಾಕು, ನೀರು ತಾಗಿಸಿದ್ರೆ ಅಂಟೋ ಕಾಗದದ ಟೇಪ್, ಆಮೇಲೆ ಒದ್ದೆ ಮಾಡಿ ತೆಗೀಬಹುದು. ಹಿಂದೆ ಹಾಕಿದ್ರೆ ಒಳಗೇ ಉಳ್ಕೊಂಡು ಉಬ್ಬು ಕಾಣ್ಸುತ್ತೆ. ದೊಡ್ಡ ತೂತಿದ್ರೆ ತೇಪೆ ಹಾಕು, ಚೌಕ ಮಾತ್ರ ಕತ್ತರಿಸ್ಬೇಡ, ಕಣ್ಣು ಅಲ್ಲಿಗೇ ಹೋಗುತ್ತೆ. ಅದೇ ವೆನೀರ್ ತುಂಡನ್ನ ತೂತಿನ ಮೇಲಿಟ್ಟು, ಎಳೆ ಓಡೋ ದಿಕ್ಕಲ್ಲೇ ಅಂಕುಡೊಂಕಾಗಿ ಎರಡೂ ಪದರ ಸೇರ್ಸಿ ಒಂದೇ ಬ್ಲೇಡಲ್ಲಿ ಕೊಯ್ದುಬಿಡು, ಕೆಳಗಿನದ್ದು ಎತ್ತಿ ಬಿಸಾಕಿ ಮೇಲಿನದ್ದು ಕೂರ್ಸು, ಸಂದೇ ಇರಲ್ಲ. ಮರದ ಪುಡಿಗೆ ಗಮ್ ಕಲಸಿ ತುಂಬೋದು ಎಲ್ಲರೂ ಮಾಡ್ತಾರೆ, ನಂಗಂತೂ ಅದು ಹಿಡಿಸಲ್ಲ, ಮರಕ್ಕೆ ಬಣ್ಣ ಕೊಡೋ ಸ್ಟೇನ್ ಕುಡಿಯಲ್ಲ, ಪಾಲಿಶ್ ಬಿದ್ಮೇಲೆ ಆ ಜಾಗ ಬೇರೇನೇ ಬಣ್ಣ. ಬರ್ಲ್‌ನ ಸೂಜಿ ತೂತಿಗೆ ಕಪ್ಪು ಬಣ್ಣ ಹಾಕಿದ ಎಪಾಕ್ಸಿ ವಾಸಿ, ಅದ್ರಲ್ಲಿ ಹೆಂಗೂ ಕಪ್ಪು ಚುಕ್ಕೆ ಇರ್ತವೆ. ಗಮ್ ಹಚ್ಚೋದು ಕೆಳಗಿನ ಹಲಗೆಗೆ ಮಾತ್ರ, ತೆಳ್ಳಗೆ ಒಂದೇ ಸಮ, ವೆನೀರ್‌ಗೆ ಹಚ್ಚಿದ್ರೆ ಸುರುಳಿ ಸುತ್ಕೊಂಡು ನಿನ್ನ ಕೈಗೇ ಬರುತ್ತೆ. ಮುಚ್ಚಳದ ಒಳಗಡೆಗೂ ಒಂದು ವೆನೀರ್ ಹಾಕು, ಒಂದೇ ಕಡೆ ಹಾಕಿದ್ರೆ ಮುಚ್ಚಳಾನೇ ಬಾಗುತ್ತೆ.

ಉಜ್ಜೋವಾಗ ಜ್ಞಾಪಕ ಇರಲಿ, ಇರೋದೇ 0.6 ಮಿಲಿಮೀಟರ್. 150ರ ಉಪ್ಪುಕಾಗದಕ್ಕಿಂತ ಒರಟು ಹಾಕ್ಬೇಡ, ಮೆಷಿನ್ ಮುಟ್ಲೇಬೇಡ, ಮೇಲೆ ಪೆನ್ಸಿಲ್‌ನಲ್ಲಿ ಗೀಚ್ಕೊಂಡು ಮರದ ತುಂಡಿಗೆ ಕಾಗದ ಸುತ್ತಿ ಉಜ್ಜು, ಗೀಟು ಎಲ್ಲಿ ಬೇಗ ಹೋಯ್ತೋ ಅಲ್ಲಿ ಮತ್ತೆ ಕೈ ಇಡ್ಬೇಡ. ಆಮೇಲೆ ಥಿನ್ನರ್ ಬಟ್ಟೇಲಿ ಒರೆಸಿ ನೋಡು, ಗಮ್ ಮೇಲೆ ಬಂದಿರೋ ಕಡೆ ಬೆಳ್ಳಗೆ ಮಾಸಲಾಗಿ ಕಾಣುತ್ತೆ.

ಈಗ ಟೇಬಲ್. ಗುಳ್ಳೆ ಎಷ್ಟಗಲ ಇದೆ ಅಂತ ಉಗುರಲ್ಲಿ ತಟ್ತಾ ಹೋಗು, ಬೊಳ್ ಬೊಳ್ ಅಂದಷ್ಟೂ ಜಾಗ ಬಿಟ್ಟಿದೆ. ಹಳೇದು ಅಂದ್ರೆ ಪ್ರಾಣಿ ತೊಗಲು, ಮೂಳೆ ಬೇಯಿಸಿ ಮಾಡೋ ಅಂಟು ಇರಬಹುದು, ಹಾಗಿದ್ರೆ ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಸ್ವಲ್ಪ ಹೊತ್ತು ಒತ್ತಿ, ತಕ್ಷಣ ಮರದ ತುಂಡಿಟ್ಟು ಆರೋ ತನಕ ಬಿಗಿದಿಟ್ರೆ ಅದೇ ಅಂಟು ಮತ್ತೆ ಹಿಡ್ಕೊಳ್ಳುತ್ತೆ. ಬಿಳಿ ಗಮ್ ಆಗಿದ್ರೂ ಬಿಸಿಗೆ ಮೆತ್ತಗಾಗುತ್ತೆ. ನೋಡಿ ಸುರೇಶಣ್ಣ, ನಿಮ್ಮ ಇಸ್ತ್ರಿ ಇಲ್ಲಿ ಬಂತು. ಅದಕ್ಕೂ ಬಗ್ಗಲಿಲ್ಲ ಅಂದ್ರೆ, ಕಪ್ಪು ಎಳೆ ಇರೋ ಅಂಚು ನೋಡ್ಕೊಂಡು ಅದರ ಉದ್ದಕ್ಕೇ ಬ್ಲೇಡಲ್ಲಿ ಸೀಳು, ಸಿರಿಂಜಲ್ಲಿ ಗಮ್ ಬಿಡು, ಬೆರಳಲ್ಲಿ ಒತ್ತಿ ಒತ್ತಿ ಒಳಗೆ ಹರಡ್ಸು, ಆಚೆ ಬಂದಿದ್ದು ಒದ್ದೆ ಬಟ್ಟೇಲಿ ಒರೆಸಿ, ಪ್ಲಾಸ್ಟಿಕ್ ಹಾಳೆ ಮೇಲೆ ಮರದ ತುಂಡಿಟ್ಟು ರಾತ್ರಿಯೆಲ್ಲ ಕ್ಲಾಂಪ್‌ನಲ್ಲಿ ಬಿಡು. ತಗ್ಗು ಬಿದ್ದಿರೋದು ನಾರು ಬರೀ ಒತ್ತಿ ಹೋಗಿದ್ರೆ ಒಂದು ಹನಿ ನೀರು, ಒದ್ದೆ ಬಟ್ಟೆ, ಇಸ್ತ್ರಿಯ ತುದಿ ಎರಡು ಮೂರು ಸೆಕೆಂಡ್, ಊದ್ಕೊಂಡು ಮೇಲೆ ಬರುತ್ತೆ, ಜಾಸ್ತಿ ಹೊತ್ತು ಇಟ್ರೆ ಪಕ್ಕದ ಅಂಟೂ ಬಿಡುತ್ತೆ. ನಾರು ಕತ್ತರಿಸಿ ಹೋಗಿದ್ರೆ ಹಬೆಗೆ ಏಳಲ್ಲ, ತುಂಬಲೇಬೇಕು.

ಕಲೆ ಬಿಳಿ ಆದ್ರೆ ಪಸೆ ಪಾಲಿಶ್‌ನಲ್ಲಿ ಮಾತ್ರ ಇದೆ, ಕಪ್ಪಾದ್ರೆ ಮರಕ್ಕೇ ಇಳಿದಿದೆ, ಪಾಲಿಶ್ ತೆಗೆದು ಆಕ್ಸಾಲಿಕ್ ಆಸಿಡ್ ಹಚ್ಬೇಕು, ಅದು ವಿಷ, ಗ್ಲೌಸ್ ಹಾಕ್ಕೋ, ಆಮೇಲೆ ಒದ್ದೆ ಬಟ್ಟೇಲಿ ನಾಲ್ಕೈದು ಸಲ ಒರೆಸಿ ತೆಗಿ, ಒಣಗಿದ ಮೇಲೆ ಉಜ್ಜೋವಾಗ ಮಾಸ್ಕ್ ಬೇಕೇ ಬೇಕು. ನಿನ್ನ ಫೋಟೋದಲ್ಲಿ ಯಾವ್ದು ಅಂತ ಗೊತ್ತಾಗ್ತಿಲ್ಲ ಕಣೋ, ಫ್ಲ್ಯಾಶ್ ಹೊಡೆದಿದೀಯ. ಟೇಬಲ್ ಕೆಳಗಡೆ ಅಂಚಲ್ಲಿ ಎಲ್ಲಾದ್ರೂ ಪಾಲಿಶ್ ಇರೋ ಕಡೆ ಹತ್ತೀಲಿ ಒಂದು ಚೂರು ಸ್ಪಿರಿಟ್ ತಾಗಿಸು, ಅಂಟಂಟಾಗಿ ಕರಗಿದ್ರೆ ಶೆಲ್ಲಾಕ್, ಅಂದ್ರೆ ಅರಗಿನ ಪಾಲಿಶ್, ಏನೂ ಆಗ್ಲಿಲ್ಲ ಅಂದ್ರೆ ಬೇರೆ ಪಾಲಿಶ್. ಅದನ್ನೂ, ಫ್ಲ್ಯಾಶ್ ಇಲ್ದೆ ಪಕ್ಕದಿಂದ ಬೆಳಕು ಬೀಳೋ ಹಂಗೆ ಒಂದು ಫೋಟೋನೂ ಕಳ್ಸು, ಬಿಳಿ ಕಲೆಗೆ ಏನ್ ಮಾಡೋದು ಅಂತ ಅದು ನೋಡಿ ಹೇಳ್ತೀನಿ.