ಇಂಜಿನ್ ಡ್ರೈವರ್ ಪ್ರಧಾನಿ ಬೆನ್ ಚಿಫ್ಲಿ: ಅರ್ಧ ಗಂಟೆಯ ಮಾತಿಗೆ ಏನೇನು ಬೇಕು?

ಗಾಣದಾಳ_ಓದುಗ (ರಾಯಚೂರು):

ರಾಯಚೂರಿನಲ್ಲಿ ರೈಲ್ವೆ ನೌಕರರು, ಕಾಲೇಜು ಹುಡುಗರು ಸೇರುವ ಸಭೆಯಲ್ಲಿ ಆಸ್ಟ್ರೇಲಿಯಾದ ಬೆನ್ ಚಿಫ್ಲಿ ಬಗ್ಗೆ ಅರ್ಧ ಗಂಟೆ ಮಾತಾಡಬೇಕಿದೆ. ಮೂರು ಕಡೆ ಸಿಕ್ಕಿಕೊಂಡಿದ್ದೇನೆ. ಲೋಕೋ ಶೆಡ್ಡಿನಿಂದ ಪಾರ್ಲಿಮೆಂಟಿಗೆ ಹೋದ ದಾರಿಯ ಇಸವಿಗಳು ಒಂದಕ್ಕೊಂದು ಕೂಡುತ್ತಿಲ್ಲ. ಬ್ಯಾಂಕ್ ರಾಷ್ಟ್ರೀಕರಣ ನಮ್ಮಲ್ಲಿ ನಿಂತಿತು, ಅಲ್ಲಿ ಬಿದ್ದುಹೋಯಿತು, ಯಾಕೆ? ಇನ್ನೊಂದು, ಅವರ ಸ್ನೋಯಿ ನದಿ ನೀರಾವರಿ-ವಿದ್ಯುತ್ ಯೋಜನೆಯನ್ನು ನಮ್ಮ ತುಂಗಭದ್ರಾ (ಟಿ.ಬಿ.) ಡ್ಯಾಮಿಗೆ ಹೋಲಿಸಬಹುದಾ? ಬಲ್ಲವರು ದಯವಿಟ್ಟು ಬಿಡಿಸಿ ಹೇಳಿ.

ಗುಂತಕಲ್_ಲೈನ್ (ಬಳ್ಳಾರಿ):

ಇಸವಿ ಕೂಡದಿರಲು ಕಾರಣ, ಅವರು ಪಾರ್ಲಿಮೆಂಟಿಗೆ ಎರಡು ಸಲ ಹೋದರು, ನಡುವೆ ಒಂಬತ್ತು ವರ್ಷ ಹೊರಗಿದ್ದರು. ಇದನ್ನು ಬಿಟ್ಟು ಬರೆದವರೇ ಹೆಚ್ಚು.

ಜೋಸೆಫ್ ಬೆನೆಡಿಕ್ಟ್ ಚಿಫ್ಲಿ ಹುಟ್ಟಿದ್ದು 22 ಸೆಪ್ಟೆಂಬರ್ 1885, ನ್ಯೂ ಸೌತ್ ವೇಲ್ಸ್‌ನ ಬ್ಯಾಥರ್ಸ್ಟ್‌ನಲ್ಲಿ. ಬಾಲ್ಯದ ಬಹುಪಾಲು ಊರಾಚೆ ಅಜ್ಜನ ಹೊಲದಲ್ಲಿ. 1903ರಲ್ಲಿ ಬ್ಯಾಥರ್ಸ್ಟ್ ಲೋಕೋ ಶೆಡ್ಡಿಗೆ ಹುಡುಗನಾಗಿ ಸೇರಿ, ಕ್ಲೀನರ್, ಫೈರ್‌ಮನ್ (ಇಂಜಿನ್ನಿಗೆ ಕಲ್ಲಿದ್ದಲು ಹಾಕುವವ) ಮೆಟ್ಟಿಲು ಹತ್ತಿ 1914ರಲ್ಲಿ ಡ್ರೈವರ್ ಆದರು. ಈ ಕ್ರಮ ನಮ್ಮ ಹಳೇ ಸ್ಟೀಮ್ ಶೆಡ್ಡುಗಳಲ್ಲೂ ಹೀಗೇ ಇತ್ತು. ನಿಮ್ಮ ಸಭೆಗೆ ಬಿಡಿಸಿ ಹೇಳುವುದೇ ಬೇಡ.

ಒಂದು ತಪ್ಪು ಮಾತ್ರ ಮಾಡಬೇಡಿ. ಲಿತ್ಗೋ ಬಳಿಯ ಪ್ರಸಿದ್ಧ ಜಿಗ್‌ಜಾಗ್ ಘಾಟಿಯಲ್ಲಿ ಅವರು ಡ್ರೈವರ್ ಆಗಿ ರೈಲು ಇಳಿಸುತ್ತಿದ್ದರು ಎಂದರೆ ಲೆಕ್ಕ ತಪ್ಪುತ್ತದೆ. 1910ರಲ್ಲೇ ಹತ್ತು ಸುರಂಗಗಳ ಹೊಸ ಮಾರ್ಗ ಬಂದು ಮುಖ್ಯ ರೈಲುಗಳು ಅಲ್ಲಿಗೆ ತಿರುಗಿದ್ದವು. ಡ್ರೈವರ್ ಆದದ್ದು ಅದಾಗಿ ನಾಲ್ಕು ವರ್ಷಕ್ಕೆ.

1917ರ ಆಗಸ್ಟ್ ಮುಷ್ಕರವನ್ನು ನಿಧಾನವಾಗಿ ಹೇಳಿ. ಸಿಡ್ನಿಯ ಈವ್ಲೀ ರೈಲ್ವೆ ಮತ್ತು ರ‍್ಯಾಂಡ್ವಿಕ್ ಟ್ರಾಮ್ ವರ್ಕ್‌ಶಾಪ್‌ಗಳಲ್ಲಿ ಪ್ರತಿ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯಿತು ಎಂದು ಕಾರ್ಡಿನಲ್ಲಿ ಬರೆಯುವ ಪದ್ಧತಿ ತಂದರು. ಆ ಕಾರ್ಡು ಡ್ರೈವರುಗಳಿಗೆ ನೇರವಾಗಿ ತಟ್ಟುವಂಥದ್ದಲ್ಲ, ಆದರೂ ಅವರು ವರ್ಕ್‌ಶಾಪಿನವರ ಜೊತೆ ನಿಂತರು. ಮುಷ್ಕರ ಸೋತಿತು. ಚಿಫ್ಲಿ ವಜಾ ಆದರು. ಆಮೇಲೆ ಕೆಲಸ ಸಿಕ್ಕಿತು, ಆದರೆ ಕೆಳದರ್ಜೆಯಲ್ಲಿ, ಸೀನಿಯಾರಿಟಿ ಕಳೆದುಕೊಂಡು. ಸೀನಿಯಾರಿಟಿ ಹೋಗುವುದೆಂದರೆ ಏನೆಂದು ರೈಲ್ವೆಯವರಿಗೆ ಗೊತ್ತು: ಲಿಂಕು (ಡ್ಯೂಟಿಯ ಸರದಿ), ಬಡ್ತಿ, ಸಂಬಳ ಮೂರೂ ಹಿಂದೆ ಬೀಳುತ್ತವೆ. ಚಿಫ್ಲಿ ರಾಜಕೀಯ ಹುಟ್ಟಿದ್ದೇ ಇಲ್ಲಿ.

ಮುಂದಿನದು ಬೇಗ ಮುಗಿಸಬಹುದು. 1925ರಲ್ಲಿ ಮ್ಯಾಕ್ವಾರಿ ಕ್ಷೇತ್ರದಲ್ಲಿ ಸೋಲು, 1928ರಲ್ಲಿ ಗೆಲುವು, 1931ರಲ್ಲಿ ಪ್ರಧಾನಿ ಸ್ಕಲ್ಲಿನ್ ಅವರ ಲೇಬರ್ ಪಕ್ಷದ ಸರ್ಕಾರದಲ್ಲಿ ರಕ್ಷಣಾ ಮಂತ್ರಿ, ಅದೇ ವರ್ಷದ ಡಿಸೆಂಬರಿನಲ್ಲಿ ಮತ್ತೆ ಸೋಲು. ಆರ್ಥಿಕ ಕುಸಿತದ ಕಾಲದಲ್ಲಿ ಸಂಬಳ, ಪಿಂಚಣಿ ಕಡಿತಗೊಳಿಸುವ ‘ಪ್ರೀಮಿಯರ್ಸ್ ಪ್ಲ್ಯಾನ್’ಗೆ ಒಲ್ಲದ ಮನಸ್ಸಿನಿಂದ ಒಪ್ಪಿದ್ದಕ್ಕೆ ಅವರದೇ ಯೂನಿಯನ್ ಹೊರಹಾಕಿತು. 1935ರಲ್ಲಿ ರಾಜ್ಯ ಚುನಾವಣೆಯಲ್ಲಿ ನ್ಯೂ ಸೌತ್ ವೇಲ್ಸ್‌ನ ಮಾಜಿ ಪ್ರೀಮಿಯರ್ (ಮುಖ್ಯಮಂತ್ರಿ) ಜಾಕ್ ಲ್ಯಾಂಗ್ ಎದುರು ನಿಂತು ಸೋತರು. 1940ರಲ್ಲಿ ಮ್ಯಾಕ್ವಾರಿಯಿಂದಲೇ ಮರಳಿ ಬಂದರು. ಅಕ್ಟೋಬರ್ 1941ರಲ್ಲಿ ಪ್ರಧಾನಿ ಕರ್ಟಿನ್ ಸರ್ಕಾರದ ಹಣಕಾಸು ಮಂತ್ರಿ. 5 ಜುಲೈ 1945ರಂದು ಕರ್ಟಿನ್ ತೀರಿಕೊಂಡಾಗ ಫೋರ್ಡ್ ಕೆಲವೇ ದಿನ ಪ್ರಧಾನಿ. ಪಕ್ಷದ ಸಭೆಯಲ್ಲಿ ಅವರನ್ನು ಸೋಲಿಸಿ 13 ಜುಲೈಗೆ ಚಿಫ್ಲಿ ಪ್ರಧಾನಿಯಾದರು. ಹಣಕಾಸು ಖಾತೆಯನ್ನು 1949ರ ಕೊನೆತನಕ ಕೈಬಿಡಲಿಲ್ಲ, ಇದನ್ನು ಮರೆಯದೆ ಹೇಳಿ.

ಕೊಪ್ಪಳ_ಕೋಟೆ:

ಬ್ಯಾಂಕಿನ ವಿಷಯ ನಾನು ಹೇಳ್ತೀನಿ. ಆದರೆ ಬ್ಯಾಂಕಿನಿಂದ ಶುರು ಮಾಡಬ್ಯಾಡ್ರಿ, 1942ರ ತೆರಿಗೆಯಿಂದ ಶುರು ಮಾಡ್ರಿ. ಎರಡನ್ನೂ ಪಕ್ಕ ಪಕ್ಕ ಇಟ್ಟರೆ ಮನುಷ್ಯ ಎಲ್ಲಿ ಗೆದ್ದ, ಎಲ್ಲಿ ಎಡವಿದ ಅನ್ನೋದು ತಾನೇ ಕಾಣುತ್ತದೆ.

ಆಗ ಆದಾಯ ತೆರಿಗೆಯನ್ನು ಕೇಂದ್ರವೂ ಹಾಕುತ್ತಿತ್ತು, ಆರು ರಾಜ್ಯಗಳೂ ಹಾಕುತ್ತಿದ್ದವು. ಯುದ್ಧಕ್ಕೆ ಹಣ ಬೇಕು, ರಾಜ್ಯಗಳು ಬಿಟ್ಟುಕೊಡಲು ಒಪ್ಪಲಿಲ್ಲ. ಚಿಫ್ಲಿ ರಾಜ್ಯಗಳ ಅಧಿಕಾರಕ್ಕೆ ಕೈ ಹಾಕಲೇ ಇಲ್ಲ, ನಾಲ್ಕು ಕಾಯ್ದೆ ತಂದರು. ಒಂದರಲ್ಲಿ ಕೇಂದ್ರದ ತೆರಿಗೆ ದರ ಎಷ್ಟು ಏರಿತೆಂದರೆ ಅದರ ಮೇಲೆ ರಾಜ್ಯ ಇನ್ನೊಂದು ತೆರಿಗೆ ಹಾಕಿದರೆ ಜನ ತಾಳಲಾರರು. ಇನ್ನೊಂದರಲ್ಲಿ, ಸ್ವಂತ ಆದಾಯ ತೆರಿಗೆ ಹಾಕದ ರಾಜ್ಯಕ್ಕೆ ಪರಿಹಾರದ ಹಣ. ಮತ್ತೊಂದರಲ್ಲಿ, ಮೊದಲು ಕೇಂದ್ರದ ಬಾಕಿ ತೀರಬೇಕು, ಆಮೇಲೆ ರಾಜ್ಯದ್ದು. ನಾಲ್ಕನೆಯದರಲ್ಲಿ ರಾಜ್ಯ ತೆರಿಗೆ ಕಚೇರಿಗಳ ಸಿಬ್ಬಂದಿ, ದಫ್ತರ ಎಲ್ಲ ಕೇಂದ್ರಕ್ಕೆ. ‘ನೀವು ತೆರಿಗೆ ಹಾಕಬಾರದು’ ಎಂಬ ಮಾತು ಎಲ್ಲೂ ಇಲ್ಲ. ನಾಲ್ಕು ರಾಜ್ಯಗಳು ಹೈಕೋರ್ಟಿಗೆ ಹೋದವು, ಸೋತವು. (ಅಲ್ಲಿ ಹೈಕೋರ್ಟ್ ಅಂದರೆ ನಮ್ಮ ಸುಪ್ರೀಂ ಕೋರ್ಟ್ ಇದ್ದಂಗ. ಇದನ್ನು ಸಭೆಗೆ ಮೊದಲೇ ಹೇಳ್ರಿ, ಇಲ್ಲಾಂದ್ರೆ ಗೊಂದಲ ಆಗ್ತದೆ.) ಯುದ್ಧ ಮುಗಿದರೂ ಆದಾಯ ತೆರಿಗೆ ರಾಜ್ಯಗಳಿಗೆ ಮರಳಲಿಲ್ಲ.

ಈಗ ಬ್ಯಾಂಕು. 1935ರಿಂದ 37ರವರೆಗೆ ಹಣ, ಬ್ಯಾಂಕಿಂಗ್ ಕುರಿತ ರಾಯಲ್ ಕಮಿಷನ್ನಿನಲ್ಲಿ (ಸರ್ಕಾರ ನೇಮಿಸಿದ ವಿಚಾರಣಾ ಆಯೋಗ) ಚಿಫ್ಲಿ ಸದಸ್ಯ. ಬ್ಯಾಂಕುಗಳು ಸರ್ಕಾರದ ಕೈಯಲ್ಲಿರಬೇಕು ಎಂಬ ಭಿನ್ನಾಭಿಪ್ರಾಯ ಅಲ್ಲೇ ಬರೆದಿಟ್ಟಿದ್ದರು. ಅಂದರೆ 1947ರ ನಿರ್ಧಾರ ಸಿಟ್ಟಿನಲ್ಲಿ ಹುಟ್ಟಿದ ವಿಚಾರವಲ್ಲ. ಆದರೆ ಅದಕ್ಕೆ ಆರಿಸಿಕೊಂಡ ಗಳಿಗೆ ಕೆಟ್ಟದ್ದು. 1945ರ ಬ್ಯಾಂಕಿಂಗ್ ಕಾಯ್ದೆಯ 48ನೇ ಸೆಕ್ಷನ್, ರಾಜ್ಯ ಸರ್ಕಾರಗಳು, ನಗರಸಭೆಗಳು ಖಾಸಗಿ ಬ್ಯಾಂಕಿನಲ್ಲಿ ವ್ಯವಹಾರ ಮಾಡುವುದನ್ನು ತಡೆಯುತ್ತಿತ್ತು. ಮೆಲ್ಬೋರ್ನ್ ನಗರಸಭೆ ಕೋರ್ಟಿಗೆ ಹೋಗಿ ಆಗಸ್ಟ್ 1947ರಲ್ಲಿ ಆ ಸೆಕ್ಷನ್ ಬೀಳಿಸಿತು. ಮೂರೇ ದಿನಕ್ಕೆ ಸಚಿವ ಸಂಪುಟ ಎಲ್ಲ ಖಾಸಗಿ ಬ್ಯಾಂಕುಗಳನ್ನೂ ತೆಗೆದುಕೊಳ್ಳುವ ತೀರ್ಮಾನ ಮಾಡಿತು. ಹಿಂದಿನ ವರ್ಷದ ಚುನಾವಣೆಯಲ್ಲಿ ಜನರ ಮುಂದೆ ಇದನ್ನು ಇಟ್ಟಿರಲಿಲ್ಲ. ಬ್ಯಾಂಕ್ ನೌಕರರೇ ಮನೆಮನೆಗೆ ಹೋಗಿ ವಿರೋಧ ಕಟ್ಟಿದರು.

ಕಾಯ್ದೆ ಪಾಸಾಯಿತು. ಆಗಸ್ಟ್ 1948ರಲ್ಲಿ ಹೈಕೋರ್ಟ್ ಹೊಡೆದುಹಾಕಿತು, ಜುಲೈ 1949ರಲ್ಲಿ ಆಗ ಕೊನೆಯ ಮೇಲ್ಮನವಿ ಕೇಳುತ್ತಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ ಕೂಡ ಮೇಲ್ಮನವಿ ತಳ್ಳಿತು. ಮುಖ್ಯ ಅಡ್ಡಿ ಸಂವಿಧಾನದ 92ನೇ ಸೆಕ್ಷನ್: ರಾಜ್ಯ ರಾಜ್ಯಗಳ ನಡುವಿನ ವ್ಯಾಪಾರ ಪೂರ್ತಿ ಮುಕ್ತವಾಗಿರಬೇಕು. ಬ್ಯಾಂಕಿಂಗ್ ಕೂಡ ಆ ವ್ಯಾಪಾರದಲ್ಲೇ ಬರುತ್ತದೆ ಅಂತ ಕೋರ್ಟ್ ಹಿಡಿಯಿತು.

ನಮ್ಮಲ್ಲಿ 19 ಜುಲೈ 1969ರಂದು ಸುಗ್ರೀವಾಜ್ಞೆಯಿಂದ 14 ಬ್ಯಾಂಕು ತೆಗೆದುಕೊಂಡರು. ಅದಕ್ಕೆ ಬದಲಾಗಿ ಬಂದ ಕಾಯ್ದೆಯನ್ನು ಫೆಬ್ರವರಿ 1970ರಲ್ಲಿ ಸುಪ್ರೀಂ ಕೋರ್ಟ್ ಕೂಡ ರದ್ದು ಮಾಡಿತ್ತು ಅನ್ನೋದು ಬಹಳ ಜನರಿಗೆ ಗೊತ್ತಿಲ್ಲ. ಆದರೆ ಕೋರ್ಟ್ ಹಿಡಿದದ್ದು ಪರಿಹಾರದ ಲೆಕ್ಕ ಮತ್ತು ತಾರತಮ್ಯವನ್ನು. ಬ್ಯಾಂಕು ವಶಕ್ಕೆ ಪಡೆಯುವ ಅಧಿಕಾರವೇ ಇಲ್ಲ ಅನ್ನಲಿಲ್ಲ. ಪರಿಹಾರ ಸರಿಮಾಡಿ ಕೆಲವೇ ದಿನಗಳಲ್ಲಿ ಹೊಸ ಸುಗ್ರೀವಾಜ್ಞೆ ಬಂತು. ಚಿಫ್ಲಿಗೆ ಆ ಹಾದಿ ಇರಲಿಲ್ಲ. ಅಲ್ಲಿ ಸಂವಿಧಾನ ತಿದ್ದಲು ಜನಮತಗಣನೆ ಬೇಕು. ದೇಶದ ಒಟ್ಟು ಬಹುಮತದ ಜೊತೆಗೆ ಆರರಲ್ಲಿ ನಾಲ್ಕು ರಾಜ್ಯಗಳ ಬಹುಮತವೂ ಬರಬೇಕು. 1946ರಲ್ಲಿ ಸಾಮಾಜಿಕ ಭತ್ಯೆಗಳ ಜನಮತ ಗೆದ್ದಿದ್ದರು. ಮೇ 1948ರಲ್ಲಿ ಬಾಡಿಗೆ, ಬೆಲೆ ನಿಯಂತ್ರಣದ್ದು ಸೋತರು. ಅದಾದ ಮೇಲೆ ಬ್ಯಾಂಕಿನ ಪ್ರಶ್ನೆಯನ್ನು ಜನರ ಮುಂದೆ ಒಯ್ಯುವ ಮಾತೆಲ್ಲಿ?

ಮುನಿರಾಬಾದ್_ಎಡದಂಡೆ:

ಸ್ನೋಯಿ ಮತ್ತು ಟಿ.ಬಿ. ಡ್ಯಾಮನ್ನು ಹೋಲಿಸಬಹುದು, ಆದರೆ ಡ್ಯಾಮಿಗೆ ಡ್ಯಾಮು ಇಟ್ಟು ಬೇಡ. ನಮ್ಮದು ಒಂದು ಅಣೆಕಟ್ಟು, ಎರಡು ದಂಡೆ. ಅವರದು 16 ದೊಡ್ಡ ಅಣೆಕಟ್ಟುಗಳು, ಸುಮಾರು 145 ಕಿ.ಮೀ. ಸುರಂಗ. ದಕ್ಷಿಣಕ್ಕೆ ಹರಿದು ಸಮುದ್ರ ಸೇರುತ್ತಿದ್ದ ಸ್ನೋಯಿ ನದಿಯ ನೀರನ್ನು ಬೆಟ್ಟದೊಳಗಿಂದ ಪಶ್ಚಿಮಕ್ಕೆ ತಿರುಗಿಸಿ, ಇಳಿಯುವಾಗ ಕರೆಂಟು ತೆಗೆದು, ಮರ್ರೆ ಮತ್ತು ಮರ್ರಂಬಿಜೀ ಬಯಲಿನ ಹೊಲಗಳಿಗೆ ಬಿಡುವ ಏರ್ಪಾಡು.

ಕೇಳುವವರಿಗೆ ಅಂದಾಜು ಸಿಗಬೇಕೆಂದರೆ ಟಿಎಂಸಿಯಲ್ಲಿ ಹೇಳಿ. ಅವರ ಅತಿ ದೊಡ್ಡ ಜಲಾಶಯ ಯೂಕಂಬೀನ್ ಹಿಡಿಯುವುದು ಸುಮಾರು 4,798 ಗಿಗಾಲೀಟರ್. ಒಂದು ಟಿಎಂಸಿಗೆ 28.3 ಗಿಗಾಲೀಟರ್ ಹಿಡಿದರೆ ಸುಮಾರು 169.5 ಟಿಎಂಸಿ. ನಮ್ಮದು ಕಟ್ಟಿದಾಗ 133, ಹೂಳು ತುಂಬಿ ಈಗ ಸುಮಾರು 105.

ನಿಜವಾದ ಹೋಲಿಕೆ ಕಾನೂನಿನದು. ಇಲ್ಲಿ 1945ರಲ್ಲಿ ಹೈದರಾಬಾದ್ ಸಂಸ್ಥಾನ ಒಂದು ದಂಡೆಯಲ್ಲಿ, ಮದ್ರಾಸ್ ಇನ್ನೊಂದು ದಂಡೆಯಲ್ಲಿ ಅಡಿಗಲ್ಲು ಹಾಕಿದವು. ಎರಡು ಸರ್ಕಾರ ಒಪ್ಪದೆ ಕಲ್ಲು ಕದಲುತ್ತಿರಲಿಲ್ಲ. ಅಲ್ಲೂ ನೀರು ರಾಜ್ಯಗಳದ್ದು, ನ್ಯೂ ಸೌತ್ ವೇಲ್ಸ್ ಮತ್ತು ವಿಕ್ಟೋರಿಯಾ ವರ್ಷಗಟ್ಟಲೆ ಜಗ್ಗಾಡಿದ್ದವು. ಚಿಫ್ಲಿ ಸರ್ಕಾರ 1949ರ ಕಾಯ್ದೆಯನ್ನು ರಕ್ಷಣಾ ಅಧಿಕಾರದ ಮೇಲೆ ನಿಲ್ಲಿಸಿತು: ಕರಾವಳಿಯ ವಿದ್ಯುತ್ ಕೇಂದ್ರಗಳು ಶತ್ರುವಿನ ದಾಳಿಗೆ ಸಿಗುತ್ತವೆ, ಬೆಟ್ಟದೊಳಗಿನವು ಸಿಗುವುದಿಲ್ಲ. ಆ ಬುನಾದಿ ಗಟ್ಟಿಯಲ್ಲವೆಂದು ಆಗಲೇ ಅನುಮಾನವಿತ್ತು, 1950ರ ದಶಕದ ಕೊನೆಯಲ್ಲಿ ರಾಜ್ಯಗಳ ಜೊತೆ ಒಪ್ಪಂದ ಮಾಡಿ ಸರಿಪಡಿಸಿದರು. ಕೆಲಸ ಶುರುವಾದದ್ದು 17 ಅಕ್ಟೋಬರ್ 1949, ಮುಗಿದದ್ದು 1974. ಶುರುವಾಗಿ ಎರಡು ತಿಂಗಳೊಳಗೆ ಚಿಫ್ಲಿ ಚುನಾವಣೆ ಸೋತರು.

ಗಾಣದಾಳ_ಓದುಗ:

ಮೂವರಿಗೂ ಧನ್ಯವಾದ. ಕೊಪ್ಪಳದವರು ಹೇಳಿದಂತೆ ತೆರಿಗೆಯಿಂದಲೇ ಬ್ಯಾಂಕಿಗೆ ಬರುತ್ತೇನೆ. ಇನ್ನೆರಡು ಕೇಳಬೇಕು: 1949ರಲ್ಲಿ ಸೋತದ್ದು ಬ್ಯಾಂಕಿನಿಂದಲೇನಾ? ಭಾರತಕ್ಕೆ ನೇರ ಸಂಬಂಧ ಏನಾದರೂ ಇದೆಯಾ?

ಗುಂತಕಲ್_ಲೈನ್ (ಬಳ್ಳಾರಿ):

ಬ್ಯಾಂಕು ಒಂದೇ ಅಲ್ಲ. ಜೂನ್ 1949ರಲ್ಲಿ ಕಲ್ಲಿದ್ದಲು ಗಣಿ ಕಾರ್ಮಿಕರು ಏಳು ವಾರ ಮುಷ್ಕರ ಹೂಡಿದರು. ಕರೆಂಟು, ರೈಲು, ಕಾರ್ಖಾನೆ ಎಲ್ಲ ಕಲ್ಲಿದ್ದಲಿನ ಮೇಲೇ ನಡೆಯುತ್ತಿದ್ದ ಕಾಲ. ಚಿಫ್ಲಿ ಯೂನಿಯನ್ನುಗಳ ಹಣ ತಡೆಹಿಡಿದು, ಆಗಸ್ಟ್ 1ರಿಂದ ತೆರೆದ ಗಣಿಗಳಿಗೆ ಸೈನಿಕರನ್ನು ಇಳಿಸಿದರು. 1917ರಲ್ಲಿ ಮುಷ್ಕರಕ್ಕಾಗಿ ಕೆಲಸ ಕಳೆದುಕೊಂಡವರು ಕೊಟ್ಟ ಆದೇಶ ಇದು. ಗಣಿ ಒಕ್ಕೂಟದ ಕಮ್ಯುನಿಸ್ಟ್ ನಾಯಕತ್ವ ಸರ್ಕಾರದ ಜೊತೆ ಬಲ ಪರೀಕ್ಷೆಗೆ ಇಳಿದಿದೆ ಎಂಬುದು ಅವರ ಸಮರ್ಥನೆ. ನನ್ನ ಮಟ್ಟಿಗೆ ಇದು ಅವರ ಬದುಕಿನ ಅತ್ಯಂತ ಭಾರದ ನಿರ್ಧಾರ. ನೌಕರರ ಸಭೆಯಲ್ಲಿ ಇದನ್ನು ಮುಚ್ಚಿಟ್ಟು ಮಾತಾಡಿದರೆ ಅನ್ಯಾಯವಾಗುತ್ತದೆ.

ಅದರ ಮೇಲೆ ಪೆಟ್ರೋಲ್ ಪಡಿತರ. ಕೋರ್ಟ್ ತೀರ್ಪಿನಿಂದ ಜೂನ್‌ನಲ್ಲಿ ನಿಂತಿತ್ತು, ನವೆಂಬರಿನಲ್ಲಿ ಮತ್ತೆ ತಂದರು, 10 ಡಿಸೆಂಬರಿಗೆ ಮತದಾನ. ವಿರೋಧ ಪಕ್ಷದ ನಾಯಕ ಮೆಂಝೀಸ್ ಪಡಿತರ ತೆಗೆಯುವ ಮಾತು ಕೊಟ್ಟು ಗೆದ್ದರು.

ಭಾರತದ ಸಂಬಂಧ: ಏಪ್ರಿಲ್ 1949ರ ಲಂಡನ್ ಸಭೆಯಲ್ಲಿ ನೆಹರೂ ಜೊತೆ ಚಿಫ್ಲಿಯೂ ಕೂತಿದ್ದರು. ಭಾರತ ಗಣರಾಜ್ಯವಾದರೂ ಕಾಮನ್‌ವೆಲ್ತ್‌ನಲ್ಲಿ ಉಳಿಯಬಹುದು ಎಂಬ ಘೋಷಣೆ ಬಂದದ್ದು ಅಲ್ಲೇ. ಆದರೆ ಇದೇ ಸರ್ಕಾರ ‘ಬಿಳಿ ಆಸ್ಟ್ರೇಲಿಯಾ’ ವಲಸೆ ನೀತಿಯನ್ನು ಬಿಗಿಯಾಗಿ ನಡೆಸಿತು. ಏಷ್ಯಾದವರಿಗೆ ಬಾಗಿಲು ಮುಚ್ಚಿತ್ತು. ಎರಡನ್ನೂ ಒಟ್ಟಿಗೇ ಹೇಳಿ.

ಪ್ರಧಾನಿಯಾಗಿದ್ದಾಗ ಕ್ಯಾನ್‌ಬೆರಾದಲ್ಲಿ ಸರ್ಕಾರಿ ಬಂಗಲೆ ಬಿಟ್ಟು ಕುರ‍್ರಜಾಂಗ್ ಹೋಟೆಲಿನ ಕೋಣೆಯಲ್ಲೇ ಇದ್ದರು. ವಿರೋಧ ಪಕ್ಷದ ನಾಯಕರಾಗಿದ್ದಾಗ 13 ಜೂನ್ 1951ರಂದು ಹೃದಯಾಘಾತವಾದದ್ದೂ ಅದೇ ಕೋಣೆಯಲ್ಲಿ. ಆ ರಾತ್ರಿ ಪಾರ್ಲಿಮೆಂಟಿನಲ್ಲಿ ಆಸ್ಟ್ರೇಲಿಯಾ ಒಕ್ಕೂಟದ ಸುವರ್ಣ ಮಹೋತ್ಸವದ ನೃತ್ಯಕೂಟ ನಡೆದಿತ್ತು. ಮೆಂಝೀಸ್ ಸಾವಿನ ಸುದ್ದಿ ಹೇಳಿ ಸಂಗೀತ ನಿಲ್ಲಿಸಿದರು.

ಚಿತ್ರ ತೋರಿಸುವುದಿದ್ದರೆ ಬ್ಯಾಥರ್ಸ್ಟ್ ಸ್ಟೇಷನ್ ಬಳಿ ಇಟ್ಟಿರುವ 5112 ನಂಬರಿನ ಇಂಜಿನ್ ಹಾಕಿ, ಅವರು ಓಡಿಸಿದ್ದು. ಗೇಜ್ (ಹಳಿಗಳ ನಡುವಿನ ಅಂತರ) 1,435 ಮಿ.ಮೀ., ನಮ್ಮ ಬ್ರಾಡ್‌ಗೇಜ್ 1,676. ಯಾರಾದರೂ ಕೇಳೇ ಕೇಳುತ್ತಾರೆ.