ಬರ್ಚ್ ಎಲೆಯ ಬಂಗಾರ, ಹಿಮದ ಮೇಲಿನ ಚುಕ್ಕಿ

ಚಳಿಗಾಲದ ಐದು ತಿಂಗಳು ಮಕ್ಕಳನ್ನು ಮನೆಯೊಳಗೆ ಯಾವ ಕೆಲಸದಲ್ಲಿ ತೊಡಗಿಸುವುದೆಂದು ಈ ವರ್ಷ ಹೊಸದಾಗಿ ಬಂದಿರುವ ಕೆಲವು ಕುಟುಂಬದವರು ನಮ್ಮ ಗುಂಪಿನಲ್ಲಿ ಕೇಳಿದ್ದರಿಂದ, ಅಮೆರಿಕದ ಮಿನ್ನೆಸೋಟಾ ರಾಜ್ಯದಲ್ಲಿ ಬಹಳ ವರ್ಷಗಳಿಂದ ನೆಲೆಸಿರುವ ನಮ್ಮ ಮನೆಯ ರೂಢಿಯನ್ನು ಬರೆಯುತ್ತಿದ್ದೇನೆ. ಅಂಗಡಿಯಲ್ಲಿ ಸಿಗುವ ಕರಕುಶಲ ಕಿಟ್‌ಗಳನ್ನು ಮೊದಲೆರಡು ವರ್ಷ ನಾವೂ ತಂದೆವು. ಎಲ್ಲವನ್ನೂ ಮೊದಲೇ ಕತ್ತರಿಸಿ, ತೂತು ಹಾಕಿ, ಅಂಟು ಹಚ್ಚಿ ಕೊಟ್ಟಿರುತ್ತಿದ್ದುದರಿಂದ ಅರ್ಧ ಗಂಟೆಯಲ್ಲಿ ಕೆಲಸ ಮುಗಿದು, ಮಾಡಿದ್ದು ಮರುವಾರ ಕಸದ ಬುಟ್ಟಿ ಸೇರುತ್ತಿತ್ತು. ಅನಂತರ ನಾವು ಈ ಊರಿನ ಋತು ಬಾಗಿಲಲ್ಲಿ ತಂದು ಹಾಕುವ ವಸ್ತುಗಳನ್ನೇ ತೆಗೆದುಕೊಂಡು, ನಮ್ಮ ಹಬ್ಬಗಳಲ್ಲಿ ಕಲಿತ ಕೈಕೆಲಸವನ್ನು ಅವುಗಳ ಮೇಲೆ ಮಾಡತೊಡಗಿದೆವು.

ನಾನು ಧಾರವಾಡದವಳು. ನಮ್ಮಲ್ಲಿ ವಿಜಯದಶಮಿಯ ಸಂಜೆ ಮನೆಮನೆಗೆ ಹೋಗಿ ಬನ್ನಿ ಎಲೆ ಕೊಟ್ಟು, ‘ಬನ್ನಿ ತಗೊಂಡು ಬಂಗಾರದಂಗ ಇರೋಣ’ ಎಂದು ಹಿರಿಯರಿಗೆ ನಮಸ್ಕರಿಸುವುದು ರೂಢಿ. ಇಲ್ಲಿ ಬನ್ನಿ ಮರವೆಲ್ಲಿಂದ ಬರಬೇಕು? ಆದರೆ ನವರಾತ್ರಿ ಬರುವ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ತಿಂಗಳಲ್ಲಿಯೇ ಬರ್ಚ್ ಮತ್ತು ಆಸ್ಪೆನ್ ಮರಗಳ ಎಲೆಗಳು ಅಪ್ಪಟ ಚಿನ್ನದ ಬಣ್ಣಕ್ಕೆ ತಿರುಗುತ್ತವೆ. ಹಗಲು ಕಿರಿದಾಗುತ್ತಿದ್ದಂತೆ ಎಲೆಯಲ್ಲಿನ ಹಸಿರು ದ್ರವ್ಯ ಕರಗಿ, ಬೇಸಿಗೆಯುದ್ದಕ್ಕೂ ಅದರ ಅಡಿಯಲ್ಲಿ ಮರೆಯಾಗಿದ್ದ ಹಳದಿ ಹೊರಗೆ ಕಾಣುತ್ತದೆ. ಮೇಪಲ್ ಎಲೆಯ ಕೆಂಪು ಮಾತ್ರ ಬಹುಮಟ್ಟಿಗೆ ಆ ಋತುವಿನಲ್ಲೇ ಹೊಸದಾಗಿ ಹುಟ್ಟುವಂಥದ್ದು. ಇದನ್ನು ಹೇಳಿದಾಗ ನನ್ನ ಮಗ, ಹಾಗಾದರೆ ಹಳದಿ ಎಲೆಯೇ ನಿಜವಾದ ಬಂಗಾರ, ಕೆಂಪು ಎಲೆ ಬರಿಯ ಬಣ್ಣ ಎಂದು ತೀರ್ಪು ಕೊಟ್ಟು, ಕೆಂಪು ಎಲೆಗಳನ್ನೆಲ್ಲ ತಂಗಿಯ ಪಾಲಿಗೆ ತಳ್ಳಿದ.

ಮೊದಲ ವರ್ಷ ಹಬ್ಬದ ಹಿಂದಿನ ದಿನ ಆಯ್ದು ತಂದ ಎಲೆಗಳು ಮನೆಯ ಹೀಟರ್‌ನ ಒಣ ಗಾಳಿಗೆ ಬೆಳಗಾಗುವುದರೊಳಗೆ ಹಪ್ಪಳದಂತೆ ಸುರುಟಿಕೊಂಡವು. ಈಗ ಹತ್ತು ದಿನ ಮುಂಚೆಯೇ ತಂದು, ಒದ್ದೆಯನ್ನು ಒರೆಸಿ, ಪತ್ರಿಕೆಯ ಹಾಳೆಗಳ ನಡುವೆ ಒಂದರ ಮೇಲೊಂದು ಬೀಳದಂತೆ ಹರಡಿ, ಮೇಲೆ ದಪ್ಪ ಪುಸ್ತಕಗಳನ್ನು ಹೇರಿ, ಎರಡು ದಿನಕ್ಕೊಮ್ಮೆ ಹಾಳೆ ಬದಲಿಸುತ್ತೇವೆ. ಅಷ್ಟು ಪುರುಸೊತ್ತಿಲ್ಲದವರು ಎರಡು ಮೇಣದ ಕಾಗದಗಳ ನಡುವೆ ಎಲೆಯನ್ನಿಟ್ಟು, ಮೇಲೊಂದು ಹಳೆಯ ಬಟ್ಟೆ ಹಾಸಿ, ಹಬೆಯಿಲ್ಲದೆ ಇಸ್ತ್ರಿ ಮಾಡಿದರೆ ಮೇಣ ಕರಗಿ ಎಲೆಗೆ ಅಂಟಿಕೊಳ್ಳುತ್ತದೆ, ಬಣ್ಣವೂ ಕೆಲವು ವಾರ ಉಳಿಯುತ್ತದೆ. ಉದ್ದ ತೊಟ್ಟಿನ ಮೇಪಲ್ ಎಲೆಗಳನ್ನು ಹೀಗೆ ಮಾಡಿ ದಾರಕ್ಕೆ ಕಟ್ಟಿದರೆ ದೀಪಾವಳಿಯ ತೋರಣವಾಗುತ್ತದೆ. ಪ್ಲಾಸ್ಟಿಕ್ ಮಾವಿನೆಲೆಗಿಂತ ಇದು ಬಾಗಿಲಿಗೆ ಹೆಚ್ಚು ಒಪ್ಪುತ್ತದೆಂಬುದು ನನ್ನ ಅಭಿಪ್ರಾಯ. ನಮ್ಮ ಅತ್ತೆಯವರು ಇದನ್ನು ಇನ್ನೂ ಒಪ್ಪಿಲ್ಲ.

ದೊಡ್ಡವರ ಬಗ್ಗೆ ಒಂದು ಮಾತು ಹೇಳಲೇಬೇಕು. ನಾವು ಮಕ್ಕಳ ಪಕ್ಕದಲ್ಲಿ ಕುಳಿತು ‘ಇದು ಸೊಟ್ಟಗಾಯಿತು, ಅಲ್ಲಿ ಬಣ್ಣ ಹೊರಗೆ ಹೋಯಿತು’ ಎಂದು ತಿದ್ದತೊಡಗಿದರೆ ಮಕ್ಕಳು ಹತ್ತು ನಿಮಿಷದಲ್ಲಿ ಎದ್ದು ಹೋಗುತ್ತಾರೆ. ಆರು ತಿಂಗಳಿಗೆಂದು ಬಂದಿದ್ದ ನಮ್ಮ ಮಾವನವರು ಎಲೆಯ ಮೇಲೆ ತೆಳುವಾದ ಕಾಗದವಿಟ್ಟು ಕ್ರೇಯಾನ್‌ನಿಂದ ಉಜ್ಜಿ ನರಗಳ ಅಚ್ಚು ತೆಗೆಯುವುದನ್ನು ಮೊಮ್ಮಗಳಿಂದ ಕಲಿತು, ಹಿಂದಿರುಗುವಾಗ ಇಡೀ ನೋಟ್‌ಬುಕ್ ತುಂಬಿಸಿಕೊಂಡು ಹೋದರು. ಅವರು ತಮ್ಮ ಪಾಡಿಗೆ ತಮ್ಮ ಹಾಳೆಯಲ್ಲಿ ಮುಳುಗಿರುತ್ತಿದ್ದುದರಿಂದಲೇ ಮಕ್ಕಳೂ ಅಷ್ಟು ಹೊತ್ತು ಕುಳಿತಿರುತ್ತಿದ್ದರು.

ಹಿಮ ಬಿದ್ದ ಮೇಲೆ ರಂಗೋಲಿಯ ಲೆಕ್ಕವೇ ತಿರುಗುಮುರುಗಾಗುತ್ತದೆ, ಏಕೆಂದರೆ ಬಿಳಿಯ ನೆಲದ ಮೇಲೆ ಬಿಳಿಯ ಹಿಟ್ಟು ಕಾಣುವುದಿಲ್ಲ. ಅಡುಗೆಯ ಬಣ್ಣವನ್ನೋ ಅರಿಸಿನವನ್ನೋ ನೀರಿಗೆ ಬೆರೆಸಿ, ಮೂತಿ ಸಣ್ಣಗಿರುವ ಸಾಸ್ ಬಾಟಲಿಗೆ ತುಂಬಿ ಕೊಟ್ಟರೆ ಕೈಗವಸು ಹಾಕಿಕೊಂಡೂ ಎಳೆ ಎಳೆಯಬಹುದು. ಚುಕ್ಕಿಗಳನ್ನು ಕೋಲಿನಿಂದ ಚುಚ್ಚಿದರೆ ಸಾಕು. ಏಳರಿಂದ ನಾಲ್ಕರವರೆಗಿನ ಸಂದು ಚುಕ್ಕಿಯಿಟ್ಟು (ನಡುವೆ ಏಳು, ಅದರ ಎರಡೂ ಬದಿಗೆ ಸಂದುಗಳಲ್ಲಿ ಆರು, ಐದು, ನಾಲ್ಕು) ಒಟ್ಟು ಎಷ್ಟೆಂದು ಎಣಿಸಿ ಎಂದರೆ, 37 ಎಂಬ ಉತ್ತರಕ್ಕೆ ಬರುವಷ್ಟರಲ್ಲಿ ಮಕ್ಕಳ ಮೂಗು ಕೆಂಪಾಗಿರುತ್ತದೆ.

ನಾಲ್ಕೂವರೆಗೇ ಕತ್ತಲಾಗುವ ಡಿಸೆಂಬರ್‌ನಲ್ಲಿ ಬಕೆಟ್‌ಗೆ ನೀರು ತುಂಬಿ ಒಂದು ರಾತ್ರಿ ಹೊರಗಿಟ್ಟರೆ ಅಂಚು ಮೊದಲು ಹೆಪ್ಪುಗಟ್ಟಿ ನಡುವೆ ನೀರು ಉಳಿದಿರುತ್ತದೆ. ಅದನ್ನು ಚೆಲ್ಲಿ ಮೇಣದಬತ್ತಿ ಇಟ್ಟರೆ ಮಂಜಿನ ದೀಪ ಸಿದ್ಧ.

ಆದರೆ ನಮ್ಮ ಮನೆಯಲ್ಲಿ ಎಲ್ಲರೂ ಕಾಯುವುದು ಸಕ್ಕರೆ ಅಚ್ಚಿಗೆ. ನಮ್ಮ ಕಡೆ ಗೌರಿ ಹುಣ್ಣಿಮೆಗೆ ಹೆಣ್ಣುಮಕ್ಕಳು ಸಕ್ಕರೆ ಆರತಿ ಬೆಳಗುತ್ತಾರೆ, ಯಜಮಾನರ ಮೈಸೂರು ಕಡೆ ಸಂಕ್ರಾಂತಿಗೆ ಎಳ್ಳುಬೆಲ್ಲದ ಜೊತೆ ಅಚ್ಚು ಬೀರುತ್ತಾರೆ. ಹೀಗಾಗಿ ಅತ್ತೆಯವರು ಸೂಟ್‌ಕೇಸಿನಲ್ಲಿ ತಂದ ಮರದ ಅಚ್ಚುಗಳು ನವೆಂಬರ್‌ನಲ್ಲೊಮ್ಮೆ, ಜನವರಿಯಲ್ಲೊಮ್ಮೆ ಹೊರಬರುತ್ತವೆ. ಅಚ್ಚನ್ನು ನೀರಿನಲ್ಲಿ ನೆನೆಸಿ, ಎರಡು ಹೋಳುಗಳನ್ನು ಜೋಡಿಸಿ ರಬ್ಬರ್ ಬ್ಯಾಂಡ್ ಬಿಗಿಯುವುದು ಮಕ್ಕಳ ಕೆಲಸ. ಪಾಕ ಕುದಿಯುವಾಗ ಸ್ವಲ್ಪ ಹಾಲು ಹಾಕಿ ಮೇಲೆ ಬಂದ ಕೊಳೆ ತೆಗೆದು ಸೋಸುವುದು, ಬಳಿಕ ಸ್ವಲ್ಪಸ್ವಲ್ಪವೇ ಕಾಯಿಸಿ, ಬೆಳ್ಳಗಾಗುವವರೆಗೆ ತಿರುವಿ ತಕ್ಷಣ ಅಚ್ಚಿಗೆ ಸುರಿಯುವುದು ದೊಡ್ಡವರದೇ. ಸಕ್ಕರೆ ಪಾಕ ಕುದಿಯುವ ನೀರಿಗಿಂತ ಬಿಸಿಯಾಗಿರುವುದರಿಂದ ಮಕ್ಕಳನ್ನು ಒಲೆಯ ಹತ್ತಿರ ಬಿಡಬಾರದು. ಹತ್ತು ನಿಮಿಷದ ನಂತರ ಅಚ್ಚು ಬಿಡಿಸುವ ಹಕ್ಕು ಮತ್ತೆ ಅವರದು. ಇಲ್ಲಿನ ಚಳಿಗಾಲದ ಒಣ ಹವೆಯಲ್ಲಿ ಅಚ್ಚುಗಳು ಬೆವರದೆ ಗಟ್ಟಿಯಾಗಿ ಉಳಿಯುತ್ತವೆ. ಕಳೆದ ಸಂಕ್ರಾಂತಿಯಲ್ಲಿ ಗಿಳಿ, ಮೀನು, ತುಳಸಿಕಟ್ಟೆ ಎಲ್ಲ ಸರಿಯಾಗಿ ಬಂದು, ಆನೆಗಳ ಸೊಂಡಿಲು ಮಾತ್ರ ಒಂದಾದ ಮೇಲೊಂದು ಮುರಿದವು. ಮಗಳು ಸೊಂಡಿಲಿಲ್ಲದ ಆನೆಗಳನ್ನೆಲ್ಲ ಕರಡಿಗಳೆಂದು ಘೋಷಿಸಿ, ಪಕ್ಕದ ಮನೆಯವರಿಗೆ ಬೀರಿ ಬಂದಳು.