ಮೇಲಿನವರ ರಸ್ತೆ ನೀರು ನನ್ನ ತೋಟಕ್ಕೆ: ದೂರು ಯಾರಿಗೆ ಕೊಡಬೇಕು?

ತೋಟದಾಕೆ, ಮಕ್ಕಂದೂರು:
ಇಳಿಜಾರಿನಲ್ಲಿ ಮೂರು ಎಕರೆ ಕಾಫಿ, ಮರಗಳಿಗೆ ಕರಿಮೆಣಸು, ಇಷ್ಟೇ ನಮ್ಮದು. ಮೇಲಿನ ಜಾಗ ಕೊಂಡವರು ಬೇಸಿಗೆಯಲ್ಲಿ ಜೆಸಿಬಿ ತಂದು ಬರೆ (ಗುಡ್ಡದ ಕಡಿದಾದ ಇಳಿಜಾರು) ಕಡಿದು, ಹೋಂಸ್ಟೇಗೆ ಕಾರು ಹತ್ತುವ ಹಾಗೆ ಕಾಂಕ್ರೀಟ್ ರಸ್ತೆ ಮಾಡಿದ್ದಾರೆ. ಕಡಿದ ಮಣ್ಣನ್ನು ಮಳೆನೀರು ಹರಿಯುವ ಹಳೇ ತೋಡಿಗೇ ತಳ್ಳಿದ್ದಾರೆ. ಮೊದಲು ಮರಗಳ ನಡುವೆ ಹರಡಿ ಇಂಗುತ್ತಿದ್ದ ನೀರು ಈಗ ಒಂದೇ ಪೈಪಿನಲ್ಲಿ ಬಂದು ನನ್ನ ಬೇಲಿ ಪಕ್ಕ ಬೀಳುತ್ತಿದೆ. ಜೂನ್ ಮಳೆಗೇ ಸೊಂಟದಷ್ಟು ಆಳದ ಕೊರಕಲು ಬಿದ್ದು ಗಿಡಗಳ ಬೇರು ಹೊರಗೆ ಬಂದಿದೆ. ಕೇಳಿದರೆ "ನೀರು ಕೆಳಗೇ ಅಲ್ವಾ ಹೋಗೋದು" ಅಂತಾರೆ. ಜಗಳಕ್ಕೆ ನಾನೇನೂ ಕಮ್ಮಿ ಇಲ್ಲ, ಆದರೆ ಕಾನೂನು ಯಾರ ಕಡೆ? ಪಂಚಾಯಿತಿಗೆ ಹೋಗಲಾ, ತಹಶೀಲ್ದಾರರ ಹತ್ತಿರ ಹೋಗಲಾ? 2018ರ ಆಗಸ್ಟಿನಲ್ಲಿ ಕೊಡಗಿನ ಭೂಕುಸಿತ ನೋಡಿದ ಊರು ಇದು. ರಾತ್ರಿ ಮಳೆ ಜೋರಾದರೆ ನಿದ್ದೆ ಹತ್ತಲ್ಲ.

ಸೋಮವಾರಪೇಟೆ ಬೆಳೆಗಾರ:
ಅಕ್ಕ, ದೂರು ಆಮೇಲೆ. ಮೊದಲು ಗಿಡಗಳ ಸಾಲಿನ ನಡುವೆ ನೀರು ನಿಲ್ಲೋ ತೊಟ್ಟಿಲು ಗುಂಡಿ ತೋಡಿಸಿ, ಕೊರಕಲಿಗೆ ಅಡ್ಡಲಾಗಿ ಕಲ್ಲು ಕಟ್ಟಿಸಿ. ನೀರು ಅಲ್ಲಲ್ಲೇ ನಿಂತು ಇಂಗುತ್ತೆ.

ಸರ್ವೆ ಕಲ್ಲು:
ಗುಂಡಿ ವಿಷಯದಲ್ಲಿ ಸ್ವಲ್ಪ ತಡೀರಿ. ಸಾಧಾರಣ ಇಳಿಜಾರಿನಲ್ಲಿ ತೊಟ್ಟಿಲು ಗುಂಡಿ ಒಳ್ಳೆಯದೇ. ಆದರೆ ಕಡಿದ ಬರೆಯ ಹತ್ತಿರ, ಅದರಲ್ಲೂ ನೆಲ ಬಿರುಕು ಬಿಟ್ಟಲ್ಲಿ, ನೀರು ಇಂಗಿಸಿದರೆ ಮಣ್ಣು ನೆನೆದು ಭಾರವಾಗಿ ಇಡೀ ಬರೆಯೇ ಜಾರುತ್ತೆ. ಅಂಥ ಕಡೆ ನೀರನ್ನು ಕಣಿ ಮಾಡಿ ಪಕ್ಕದ ಗಟ್ಟಿ ತೋಡಿಗೆ ಒಯ್ಯಬೇಕು. 2018ರ ನಂತರ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯವರು ಬಂದು ನೋಡಿ ಕುಸಿತಕ್ಕೆ ಕಾರಣ ಅಂತ ಹೇಳಿದ್ದೂ ಇಂಥದ್ದನ್ನೇ: ರಸ್ತೆಗೆ, ಮನೆಗೆ ಅಂತ ಇಳಿಜಾರು ಕಡಿದದ್ದು, ನೀರಿನ ಸಹಜ ದಾರಿ ಮುಚ್ಚಿದ್ದು.

ಇನ್ನು ಕಾನೂನು. 1882ರ ಈಸ್‌ಮೆಂಟ್ ಕಾಯ್ದೆ (ಅಕ್ಕಪಕ್ಕದ ಜಾಗದವರ ದಾರಿ, ನೀರಿನಂಥ ಹಕ್ಕುಗಳ ಕಾಯ್ದೆ) ಶುರುವಿನಲ್ಲೇ ಮದ್ರಾಸು, ಮಧ್ಯ ಪ್ರಾಂತ್ಯಗಳ ಜೊತೆ ಕೊಡಗಿಗೂ ಅನ್ವಯವಾಗಿತ್ತು. ಅದರ 7ನೇ ಕಲಮಿನ ಪ್ರಕಾರ ಮೇಲಿನ ಜಾಗದಲ್ಲಿ ಬಿದ್ದು ಸಹಜವಾಗಿ ಹರಿದು ಬರುವ ನೀರನ್ನು ಕೆಳಗಿನವರು ತಡೆಯುವ ಹಾಗಿಲ್ಲ. ನಿಮ್ಮ ಮೇಲಿನವರು ಹಿಡಿದುಕೊಂಡಿರೋದು ಇದನ್ನೇ. ಆದರೆ ಕಾಂಕ್ರೀಟ್ ಮೇಲೆ ಬಿದ್ದದ್ದನ್ನೆಲ್ಲ ಕೂಡಿಸಿ ಪೈಪಿನಲ್ಲಿ ಒಂದೇ ಕಡೆ ಬಿಟ್ಟರೆ ಅದು ಸಹಜ ಹರಿವು ಹೇಗಾಗುತ್ತೆ? ಸಿವಿಲ್ ಕೋರ್ಟಿನಲ್ಲಿ ಇದೇ ನಿಮ್ಮ ವಾದ.

ಅದಕ್ಕಿಂತ ಬೇಗ ಕೆಲಸ ಆಗೋದು ತೋಡಿನ ದಾರಿಯಲ್ಲಿ. ಗ್ರಾಮ ನಕ್ಷೆ ತೆಗೆಸಿ. ಅದರಲ್ಲಿ ತೋಡು ಇದ್ದರೆ ಅದು ಸರ್ಕಾರದ್ದು, 1964ರ ಭೂಕಂದಾಯ ಕಾಯ್ದೆಯ 67ನೇ ಕಲಂ. ಮುಚ್ಚಿದ ಮಣ್ಣು ತೆಗೆಸಿ ಅಂತ ತಹಶೀಲ್ದಾರರಿಗೆ ಬರೆಯಿರಿ. ಹೋಂಸ್ಟೇಗೆ ಭೂಪರಿವರ್ತನೆ (ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಿಸೋ ಅನುಮತಿ) ಆಗಿದೆಯಾ ಅಂತಲೂ ಅದರಲ್ಲೇ ಕೇಳಿ, ಅದು 95ನೇ ಕಲಂ. ಕಟ್ಟಡದ ಪರವಾನಗಿ ಕೊಡೋದು ಪಂಚಾಯಿತಿ, ಅಲ್ಲಿನ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ಬೇರೆ ಅರ್ಜಿ. ಬಿರುಕು ಕಂಡರೆ ಮಾತ್ರ ನೇರ ಜಿಲ್ಲಾಧಿಕಾರಿಗೆ. 2005ರ ವಿಪತ್ತು ನಿರ್ವಹಣಾ ಕಾಯ್ದೆಯಲ್ಲಿ ಜಿಲ್ಲಾ ಪ್ರಾಧಿಕಾರದ ಅಧ್ಯಕ್ಷರು ಅವರೇ. ಎಲ್ಲದಕ್ಕೂ ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಿ, ಬಾಯಿಮಾತಿನ ದೂರಿಗೆ ಬೆಲೆ ಇಲ್ಲ.

ಸೋಮವಾರಪೇಟೆ ಬೆಳೆಗಾರ:
ಬಿರುಕಿನ ಮಾತು ಒಪ್ಪಿದೆ. ಆದರೆ ಅರ್ಜಿ ಮೇಜಿಂದ ಮೇಜಿಗೆ ಹೋಗೋಷ್ಟರಲ್ಲಿ ಕಕ್ಕಡದ (ಆಷಾಢದ) ಜೋರು ಮಳೆ ಕಳೆದು ಕಾಫಿ ಕೊಯ್ಲೇ ಬರುತ್ತೆ. ಪೈಪಿನ ಬಾಯಿಗೆ ದೊಡ್ಡ ಕಲ್ಲು ಹಾಸಿದರೆ ನೀರಿನ ರಭಸವಾದರೂ ಮುರಿಯುತ್ತೆ. ಬದುವಿಗೆ ಲಾವಂಚ ನೆಡಿ, ಈಗಲೇ ಬೇರು ಹಿಡಿಯೋ ಕಾಲ.

ತೋಟದಾಕೆ, ಮಕ್ಕಂದೂರು:
ಬೆಳಿಗ್ಗೆ ಕೊಡೆ ಹಿಡಿದು ಇಡೀ ಬರೆ ನೋಡಿ ಬಂದೆ. ನನ್ನ ಕಡೆ ಬಿರುಕಿಲ್ಲ. ಅವರ ರಸ್ತೆಯ ಅಂಚಿನಲ್ಲಿ ಇದೆ, ಕೈಬೆರಳು ಹೋಗುವಷ್ಟು. ಫೋಟೋ ತೆಗೆದು ಅವರಿಗೂ ಕಳಿಸಿದೆ, ಜಾರಿದರೆ ಮೊದಲು ಹೋಗೋದು ಅವರ ಕಾರೇ ತಾನೆ. ಉತ್ತರ ಇನ್ನೂ ಇಲ್ಲ. ಗ್ರಾಮ ನಕ್ಷೆಗೆ ಸೋಮವಾರ ಮಡಿಕೇರಿಗೆ ಹೋಗ್ತೀನಿ. ತೋಡಿನ ಜಾಗ ಬಿ ಖರಾಬು (ಸಾರ್ವಜನಿಕ ಬಳಕೆಗೆ ಬಿಟ್ಟ ಜಾಗ) ಅಂತ ಬಂದಿದ್ದರೆ ಸಾಕಾ, ಸರ್ವೆಯವರನ್ನು ಕರೆಸಿ ಅಳತೆ ಮಾಡಿಸಬೇಕಾ?

ಸರ್ವೆ ಕಲ್ಲು:
ಅಳತೆಗೂ ಅರ್ಜಿ ಹಾಕಿಬಿಡಿ ಅಕ್ಕ. ಆ ಫೋಟೋ ಜಿಲ್ಲಾಧಿಕಾರಿ ಕಚೇರಿಗೆ ಇವತ್ತೇ ಹೋಗಲಿ, ಸೋಮವಾರದವರೆಗೆ ಕಾಯಬೇಡಿ.